ಬಾರದ ಒಲಿಂಪಿಕ್ಸಿಗಾಗಿ ಕೆಡವಿದ ಆಸ್ಪತ್ರೆ

2009ರ ಅಕ್ಟೋಬರ್ 2ರಂದು ಕೋಪನ್‌ಹೇಗನ್ನಿನಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಸಭೆ ಸೇರಿತ್ತು. 2016ರ ಕ್ರೀಡಾಕೂಟ ಯಾವ ಊರಿಗೆ ಎಂಬುದು ಅಂದು ತೀರ್ಮಾನವಾಗಬೇಕಿತ್ತು. ಶಿಕಾಗೊ, ಟೋಕಿಯೊ, ಮ್ಯಾಡ್ರಿಡ್ ಮತ್ತು ರಿಯೊ ಡಿ ಜನೈರೊ ಕಣದಲ್ಲಿದ್ದವು. ತಮ್ಮೂರಾದ ಶಿಕಾಗೊ ಪರ ಮಾತನಾಡಲು ಅಮೆರಿಕದ ಅಧ್ಯಕ್ಷ ಬರಾಕ್ ಒಬಾಮ ತಾವೇ ಅಲ್ಲಿಗೆ ಹೋಗಿದ್ದರು. ಮತ ಎಣಿಸಿದಾಗ ಶಿಕಾಗೊಗೆ ಬಿದ್ದದ್ದು 18. ಮೊದಲ ಸುತ್ತಿನಲ್ಲೇ ಅದು ಹೊರಬಿತ್ತು. ಕೂಟ ರಿಯೊ ಪಾಲಾಯಿತು.

ಸೋಲು ದೊಡ್ಡದಲ್ಲ. ಪ್ರತಿ ಸಲವೂ ಒಂದು ಊರು ಗೆದ್ದು ಉಳಿದವು ಸೋಲುತ್ತವೆ. ಆದರೆ ಆ ಹೊತ್ತಿಗೆ ಶಿಕಾಗೊ ನಗರಾಡಳಿತ ಊರಿನ ದಕ್ಷಿಣ ಭಾಗದಲ್ಲಿ, ಮಿಷಿಗನ್ ಸರೋವರದ ದಡಕ್ಕೆ ಹತ್ತಿರದಲ್ಲಿ, ಮೈಕೆಲ್ ರೀಸ್ ಆಸ್ಪತ್ರೆಯ 37 ಎಕರೆ ಆವರಣವನ್ನು 86 ಮಿಲಿಯನ್ ಡಾಲರಿಗೆ ಕೊಂಡಿತ್ತು. ಅಲ್ಲಿ ಕ್ರೀಡಾಪಟುಗಳ ಗ್ರಾಮ ಏಳಬೇಕಿತ್ತು. ಅದಕ್ಕಾಗಿ ಸುಮಾರು ಮೂವತ್ತು ಕಟ್ಟಡಗಳನ್ನು ಕೆಡಹುವ ತಯಾರಿ ನಡೆದಿತ್ತು. ಒಲಿಂಪಿಕ್ಸ್ ಬರುವುದಿಲ್ಲ ಎಂದು ಖಚಿತವಾದ ಮೇಲೂ ಆ ಕೆಲಸ ನಿಲ್ಲಲಿಲ್ಲ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವವರನ್ನು ಕಂಡು ನಾವು ನಗುತ್ತೇವೆ. ಇಲ್ಲಿ ಕೂಸಿಲ್ಲ ಎಂದು ತಿಳಿದ ಮೇಲೂ ಹೊಲಿಗೆ ಮುಂದುವರಿಯಿತು. ಮುಂದಿನ ತಿಂಗಳುಗಳಲ್ಲಿ ಕಟ್ಟಡಗಳು ಒಂದೊಂದಾಗಿ ನೆಲಕ್ಕುರುಳಿದವು.

ಆ ಕಟ್ಟಡಗಳು ಸಾಮಾನ್ಯದವಲ್ಲ. ಮೈಕೆಲ್ ರೀಸ್ 1881ರಲ್ಲಿ ಶುರುವಾದ, ಯಹೂದಿ ಸಮುದಾಯದ ದಾನದಿಂದ ಬೆಳೆದ, ಎಲ್ಲ ಧರ್ಮ ಬಣ್ಣದವರಿಗೂ ಬಾಗಿಲು ತೆರೆದಿಟ್ಟ ಆಸ್ಪತ್ರೆ. ಎರಡನೆಯ ಮಹಾಯುದ್ಧದ ಹೊತ್ತಿಗೆ ಸುತ್ತಲ ಬಡಾವಣೆ ಬಡತನದಿಂದ ಕುಸಿದಾಗ ಬೇರೆ ಕಡೆಗೆ ಹೋಗಿಬಿಡುವ ಯೋಚನೆ ಆಡಳಿತ ಮಂಡಳಿಗೆ ಬಂದಿತ್ತು. ಹೋಗಲಿಲ್ಲ. ಬದಲಿಗೆ, ಒಂದು ಆಸ್ಪತ್ರೆ ಮಾಡದ ಕೆಲಸಕ್ಕೆ ಕೈಹಾಕಿತು: ತನ್ನದೇ ಯೋಜನಾ ವಿಭಾಗವೊಂದನ್ನು ತೆರೆದು, ಹಾರ್ವರ್ಡಿನಲ್ಲಿ ಓದಿದ್ದ ರೆಜಿನಾಲ್ಡ್ ಐಸಾಕ್ಸ್ ಅವರಿಗೆ ವಹಿಸಿತು. ಐಸಾಕ್ಸ್ ತಮ್ಮ ಗುರುವನ್ನು ಸಲಹೆಗಾರರಾಗಿ ಕರೆತಂದರು. ಆ ಗುರು ವಾಲ್ಟರ್ ಗ್ರೋಪಿಯಸ್, 1919ರಲ್ಲಿ ಜರ್ಮನಿಯ ವೈಮಾರಿನಲ್ಲಿ ಬೌಹೌಸ್ ಶಾಲೆಯನ್ನು ಕಟ್ಟಿದವರು. ಇಪ್ಪತ್ತನೆಯ ಶತಮಾನದ ಕುರ್ಚಿ, ದೀಪ, ಅಕ್ಷರ, ಮನೆ ಯಾವುದೂ ಆ ಶಾಲೆಯ ಪ್ರಭಾವದಿಂದ ಹೊರಗುಳಿದಿಲ್ಲ. ನಾಜಿಗಳ ಕಾಲದಲ್ಲಿ ದೇಶ ಬಿಟ್ಟು ಇಂಗ್ಲೆಂಡಿಗೆ, ಅಲ್ಲಿಂದ 1937ರಲ್ಲಿ ಹಾರ್ವರ್ಡಿಗೆ ಬಂದವರು.

1940ರ ದಶಕದ ಮಧ್ಯದಿಂದ 1950ರ ದಶಕದ ಕೊನೆಯವರೆಗೂ ಗ್ರೋಪಿಯಸ್ ಈ ಆಸ್ಪತ್ರೆಯ ಜೊತೆಗಿದ್ದರು. ಕಟ್ಟಡಗಳ ನಕ್ಷೆಗೆ ಸಹಿ ಹಾಕಿದವರು ಸ್ಥಳೀಯ ವಾಸ್ತುಶಿಲ್ಪಿಗಳಾದ್ದರಿಂದ ಗ್ರೋಪಿಯಸ್ ಪಾಲು ಏನೆಂಬುದು ಬಹುಕಾಲ ಮಸುಕಾಗಿಯೇ ಇತ್ತು. ಕೆಡಹುವ ಸುದ್ದಿ ಬಂದಾಗ ಶಿಕಾಗೊದ ಕೆಲವು ಆಸಕ್ತರು ಕಡತಗಳನ್ನು, ಪತ್ರಗಳನ್ನು ಕೆದಕಿದರು. ಕನಿಷ್ಠ ಎಂಟು ಕಟ್ಟಡಗಳಲ್ಲಿ ಗ್ರೋಪಿಯಸ್ ಅವರ ಕೈ ನೇರವಾಗಿತ್ತು ಎಂದು ತೋರಿಸಿದರು. ಕಟ್ಟಡಗಳ ನಡುವಿನ ಮರಗಿಡ, ಹಾದಿ, ಬಯಲುಗಳನ್ನು ರೂಪಿಸುವುದರಲ್ಲಿ ಭೂದೃಶ್ಯ ವಿನ್ಯಾಸಕ ಹಿಡೆಯೊ ಸಸಾಕಿಯ ಪಾಲೂ ಇತ್ತು. ರೋಗಿಗೆ ಬಿಸಿಲು, ಗಾಳಿ, ಕಣ್ಣಿಗೆ ಹಸಿರು ಸಿಗಬೇಕು ಎಂಬ ಒಂದೇ ಯೋಚನೆ ಇಡೀ ಆವರಣವನ್ನು ನಡೆಸಿತ್ತು. ಬೇರೆ ಬೇರೆ ಕಟ್ಟಡಗಳನ್ನು ಬಿಡಿಬಿಡಿಯಾಗಿ ನೋಡಿ ‘ಇದರಲ್ಲೇನಿದೆ’ ಎಂದವರಿಗೆ ಅದು ಕಾಣಲೇ ಇಲ್ಲ.

ಇದೇ 2009ರಲ್ಲಿ ಬೌಹೌಸ್‌ಗೆ ತೊಂಬತ್ತು ತುಂಬಿತ್ತು. ಆ ನವೆಂಬರಿನಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂ ಬೌಹೌಸ್ ಕುರಿತು ಬಹಳ ದೊಡ್ಡ ಪ್ರದರ್ಶನ ತೆರೆಯಿತು. ಅದೇ ಶಾಲೆಯ ಟೀಪಾಟುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಜನ ಸಾಲುಗಟ್ಟಿ ನೋಡಿದರು. ದೆಸ್ಸಾವಿನಲ್ಲಿ ಗ್ರೋಪಿಯಸ್ ಕಟ್ಟಿದ ಬೌಹೌಸ್ ಕಟ್ಟಡ 1996ರಿಂದಲೇ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಟೀಪಾಟನ್ನು ಎತ್ತಿಡಲು ಜಾಗ ಬೇಕಿಲ್ಲ. ಆಸ್ಪತ್ರೆ ಕೂತಿದ್ದು ಸರೋವರದ ದಡದ 37 ಎಕರೆಯ ಮೇಲೆ.

ಇಷ್ಟನ್ನೇ ಹೇಳಿ ಕಣ್ಣೀರು ಒರೆಸಿಕೊಂಡರೆ ಅದು ಅರ್ಧ ಸತ್ಯ. ಈ ಆವರಣ ಏಳಲು ಏನೇನು ಬಿದ್ದಿತ್ತು ಎಂಬುದನ್ನೂ ಹೇಳಬೇಕು.

ಆಸ್ಪತ್ರೆ ಇದ್ದದ್ದು ಬ್ರಾಂಜ್‌ವಿಲ್ ಪ್ರದೇಶದಲ್ಲಿ. ದಕ್ಷಿಣದ ರಾಜ್ಯಗಳ ಹೊಲಗಳನ್ನೂ ಹಿಂಸೆಯನ್ನೂ ಬಿಟ್ಟು ಉತ್ತರಕ್ಕೆ ಬಂದ ಲಕ್ಷಾಂತರ ಕಪ್ಪು ಜನರಿಗೆ ಶಿಕಾಗೊದಲ್ಲಿ ಮನೆ ಸಿಗುತ್ತಿದ್ದದ್ದು ಹೆಚ್ಚುಕಡಿಮೆ ಆ ಪಟ್ಟಿಯಲ್ಲಿ ಮಾತ್ರ. ಬೇರೆಡೆ ಅವರಿಗೆ ಮಾರಬಾರದು, ಬಾಡಿಗೆಗೆ ಕೊಡಬಾರದು ಎಂಬ ಕರಾರುಗಳಿದ್ದವು. ಹೀಗೆ ಇಕ್ಕಟ್ಟಿಗೆ ತಳ್ಳಿ, ಇಕ್ಕಟ್ಟಾದ ಮೇಲೆ ಆ ಜಾಗವನ್ನು ಕೊಳಚೆಯೆಂದು ಕರೆದು, 1947ರ ಇಲಿನಾಯ್ ಕಾಯ್ದೆಯ ಬಲದಿಂದ ನೆಲಸಮ ಮಾಡಿದರು. ಲೇಕ್ ಮೆಡೋಸ್, ಪ್ರೇರಿ ಶೋರ್ಸ್ ಎಂಬ ಎತ್ತರದ ವಸತಿ ಕಟ್ಟಡಗಳು, ಇಲಿನಾಯ್ ತಂತ್ರಜ್ಞಾನ ಸಂಸ್ಥೆಯ ವಿಸ್ತರಣೆ, ಮೈಕೆಲ್ ರೀಸ್ ಆಸ್ಪತ್ರೆಯ ವಿಸ್ತರಣೆ ಇವೆಲ್ಲ ಒಂದೇ ಅಲೆಯಲ್ಲಿ ಬಂದವು. ಹತ್ತಿರದಲ್ಲೇ ಮೆಕ್ಕಾ ಎಂಬ 1892ರ ವಸತಿ ಸಮುಚ್ಚಯವಿತ್ತು. ನೂರಾರು ಕಪ್ಪು ಕುಟುಂಬಗಳು ಅದನ್ನು ಉಳಿಸಿಕೊಳ್ಳಲು ವರ್ಷಗಟ್ಟಲೆ ಹೋರಾಡಿದವು. 1952ರಲ್ಲಿ ಅದನ್ನು ಕೆಡವಿದರು. ಆ ಜಾಗದಲ್ಲಿ ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋಹೆ ಕ್ರೌನ್ ಹಾಲ್ ಕಟ್ಟಿದರು. ಇಂದು ಅದು ರಾಷ್ಟ್ರೀಯ ಸ್ಮಾರಕ. ವಾಸ್ತುಶಿಲ್ಪದ ವಿದ್ಯಾರ್ಥಿಗಳಿಗೆ ತೀರ್ಥಕ್ಷೇತ್ರ.

ಅಂದರೆ ಆಧುನಿಕ ವಾಸ್ತುಶಿಲ್ಪದ ಗುರುಗಳು ಹಳೆಯದನ್ನು ಉಳಿಸುವವರಾಗಿರಲಿಲ್ಲ. ಬಯಲು ಮಾಡಿಕೊಂಡು ಹೊಸದಾಗಿ ಬರೆಯುವುದು ಅವರ ಧರ್ಮ. ಹಾಗಾದರೆ ಅವರ ಕಟ್ಟಡಕ್ಕೆ ನಾವೇಕೆ ಕನಿಕರ ತೋರಿಸಬೇಕು, ಕೆಡವಿದವರನ್ನು ಕೆಡವಿದರೆ ಲೆಕ್ಕ ಸರಿಹೋಗಲಿಲ್ಲವೇ? ಈ ಪ್ರಶ್ನೆಯನ್ನು ಸಂರಕ್ಷಣೆಯ ಪರ ಇರುವವರು ಸಾಮಾನ್ಯವಾಗಿ ಪಕ್ಕಕ್ಕೆ ಸರಿಸುತ್ತಾರೆ. ನನಗೆ ಇದೇ ಮುಖ್ಯ ಪ್ರಶ್ನೆ.

ಲೆಕ್ಕ ಸರಿಹೋಗುವುದಿಲ್ಲ. ಏಕೆಂದರೆ ಎರಡನೆಯ ಸಲ ಕೆಡವಿದಾಗಲೂ ಲಾಭ ಮೊದಲ ಸಲ ಮನೆ ಕಳೆದುಕೊಂಡವರಿಗೆ ಹೋಗಲಿಲ್ಲ. ಬ್ರಾಂಜ್‌ವಿಲ್ಲಿನ ಜನ ಅರವತ್ತು ವರ್ಷಗಳಲ್ಲಿ ಆ ಆಸ್ಪತ್ರೆಯನ್ನು ತಮ್ಮದಾಗಿಸಿಕೊಂಡಿದ್ದರು. ಅಲ್ಲಿ ಹುಟ್ಟಿದರು, ಅಲ್ಲಿ ದುಡಿದರು, ಅಲ್ಲೇ ಹೆತ್ತವರನ್ನು ಕಳೆದುಕೊಂಡರು. ಕಟ್ಟಿದವನ ಉದ್ದೇಶ ಏನೇ ಇರಲಿ, ಬಳಸಿದವರ ಬದುಕು ಕಟ್ಟಡಕ್ಕೆ ಬೇರೆಯದೇ ಅರ್ಥ ತುಂಬುತ್ತದೆ. ಅದಲ್ಲದೆ, ಊರನ್ನು ನೆಲಸಮ ಮಾಡಿ ಉದ್ಧಾರ ಮಾಡುತ್ತೇವೆ ಎಂಬ ಆ ಕಾಲದ ಹಮ್ಮನ್ನು ಇಂದಿನವರು ಅರಿಯಬೇಕಾದರೆ ಅದರ ಸಾಕ್ಷಿ ಕಣ್ಣೆದುರು ಇರಬೇಕು. 2009ರ ಯೋಜನೆಯೂ ಅದೇ ಹಮ್ಮಿನ ಮುಂದುವರಿಕೆ: ಜಾಗ ಖಾಲಿ ಮಾಡು, ಒಳ್ಳೆಯದು ತಾನಾಗಿ ಬರುತ್ತದೆ. ಗ್ರೋಪಿಯಸ್ ಕಟ್ಟಡವನ್ನು ಕೆಡವಿದವರು ಗ್ರೋಪಿಯಸ್ ಪೀಳಿಗೆಯ ಅತಿ ಕೆಟ್ಟ ಅಭ್ಯಾಸವನ್ನೇ ಪಾಲಿಸಿದರು.

ಕೆಡಹುವವರ ವಾದವೂ ಸುಳ್ಳಿನ ಕಂತೆಯಾಗಿರಲಿಲ್ಲ. ಆಸ್ಪತ್ರೆ ಮುಚ್ಚುವ ಸ್ಥಿತಿಗೆ ಬಂದಿತ್ತು. 1950ರ ದಶಕದ ಕಟ್ಟಡಗಳಲ್ಲಿ ಕಲ್ನಾರು ಇರುತ್ತದೆ, ಗಾಜು ಒಂದೇ ಪದರದ್ದು, ಚಳಿಗಾಲದಲ್ಲಿ ಕಾವು ಸೋರಿಹೋಗುತ್ತದೆ. ವಾರ್ಡುಗಳನ್ನು ಮನೆಗಳಾಗಿ ಬದಲಿಸಲು ಖರ್ಚಿದೆ. ಎಲ್ಲವೂ ನಿಜ. ಆದರೆ ಇವು ತೂಗಿ ನೋಡಬೇಕಾದ ಸಂಗತಿಗಳು, ತೂಗಲು ಸಮಯ ಬೇಕು. ಯಾವುದನ್ನು ಉಳಿಸಬಹುದು, ಯಾವುದನ್ನು ಹಾಸ್ಟೆಲ್ ಮಾಡಬಹುದು, ಯಾವುದಕ್ಕೆ ಕಚೇರಿ ಒಗ್ಗುತ್ತದೆ ಎಂದು ಪ್ರಾಮಾಣಿಕವಾಗಿ ನೋಡಿದ ನಂತರ ಕೆಲವನ್ನು ಕೆಡವಿದ್ದರೆ ಯಾರೂ ದೂರುತ್ತಿರಲಿಲ್ಲ. ಉಳಿಸಿಕೊಂಡು ಕಟ್ಟಬಹುದು ಎಂಬ ಪರ್ಯಾಯ ನಕ್ಷೆಯನ್ನು ಹೋರಾಟಗಾರರು ಮುಂದಿಟ್ಟರು. ಅದಕ್ಕೆ ಸಿಕ್ಕ ಉತ್ತರ ಗಡುವು.

ಕೊನೆಗೆ ಉಳಿದದ್ದು ಒಂದು, ಮನೋರೋಗ ವಿಭಾಗಕ್ಕೆಂದು ಕಟ್ಟಿದ್ದ ಸಿಂಗರ್ ಪೆವಿಲಿಯನ್. ಉಳಿಸುತ್ತೇವೆಂದು ಮೊದಲು ಹೇಳಿದ್ದ 1907ರ ಮುಖ್ಯ ಕಟ್ಟಡವೂ, ಕಾವಲಿಲ್ಲದೆ ನೀರು ಸೋರಿ ಹಾಳಾಯಿತೆಂಬ ಕಾರಣಕ್ಕೆ, ಹೋಯಿತು. ಕಾವಲು ಯಾರು ಹಾಕಬೇಕಿತ್ತು ಎಂದು ಕೇಳಬಾರದು.

ಆಮೇಲೆ? ಬೇಲಿ ಹಾಕಿದ ಹುಲ್ಲುಗಾವಲು. ಸಾಲದ ಬಡ್ಡಿ ಏರುತ್ತಾ ಹೋಯಿತು. ತೆರಿಗೆ ಕಟ್ಟುವವರು ಅದನ್ನು ತುಂಬಿದರು. ಆವರಣದ ಒಂದು ಮೂಲೆಯ ಮಣ್ಣಿನಲ್ಲಿ ಶತಮಾನದ ಹಿಂದಿನ ರೇಡಿಯಂ ಕಾರ್ಖಾನೆಯೊಂದರ ಉಳಿಕೆಯೂ ಸಿಕ್ಕಿತು. 2017ರಲ್ಲಿ ಅಮೆಜಾನ್ ಕಂಪನಿ ಎರಡನೆಯ ಕೇಂದ್ರ ಕಚೇರಿಗೆ ಜಾಗ ಹುಡುಕುತ್ತಿದೆ ಎಂದಾಗ ಶಿಕಾಗೊ ತೋರಿಸಿದ ಜಾಗಗಳಲ್ಲಿ ಇದೂ ಒಂದು. ಅಮೆಜಾನ್ ಬರಲಿಲ್ಲ. ದೊಡ್ಡದೊಂದು ಬರುತ್ತದೆ ಎಂದು ಕಾಯುವ ಚಟ ಅಂಟಿದ ಜಾಗ ಹೀಗೇ ಇರುತ್ತದೆ. ಹೊಸ ಬಡಾವಣೆಯ ಯೋಜನೆಯೊಂದು ಕುದುರಿ ಕೆಲಸ ಶುರುವಾಗುವ ಹೊತ್ತಿಗೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಸಂದಿತ್ತು. ಆ ಹತ್ತು ವರ್ಷದಲ್ಲಿ ಎಂಟು ಕಟ್ಟಡಗಳಿಗೆ ಬಾಡಿಗೆದಾರರನ್ನು ಹುಡುಕಲು ಆಗುತ್ತಿರಲಿಲ್ಲ ಎಂದು ನಂಬುವುದು ಕಷ್ಟ.

ಕ್ರೀಡಾಕೂಟದ ಸ್ವಭಾವವನ್ನು ಇಲ್ಲಿ ಸ್ವಲ್ಪ ನೋಡಬೇಕು. ರಸ್ತೆ ಅಗಲಿಸುವುದು ವರ್ಷಗಟ್ಟಲೆ ತಡವಾದರೂ ಯಾರೂ ಸಾಯುವುದಿಲ್ಲ. ಉದ್ಘಾಟನೆಯ ದಿನ ಮಾತ್ರ ಮುಂದಕ್ಕೆ ಹೋಗದು. ಟೋಕಿಯೊ ಕೂಟವನ್ನು ಒಂದು ವರ್ಷ ಮುಂದೂಡಲು ಜಗತ್ತಿನ ಮಹಾಮಾರಿಯೇ ಬೇಕಾಯಿತು. ಹೀಗೆ ಕದಲದ ದಿನಾಂಕವೊಂದು ಸಿಕ್ಕರೆ ಆಡಳಿತಕ್ಕೆ ಬಲು ಅನುಕೂಲ. ಸಾಮಾನ್ಯ ದಿನಗಳಲ್ಲಿ ಕೇಳಬೇಕಾದ ಅನುಮತಿ, ನಡೆಸಬೇಕಾದ ಸಭೆ, ಎದುರಿಸಬೇಕಾದ ದಾವೆ ಎಲ್ಲವನ್ನೂ ‘ಸಮಯವಿಲ್ಲ’ ಎಂಬ ಒಂದೇ ಮಾತಿನಲ್ಲಿ ಸರಿಸಬಹುದು. ದೇಶದ ಮರ್ಯಾದೆಯ ಪ್ರಶ್ನೆಯೂ ಸೇರಿತೆಂದರೆ ವಿರೋಧಿಸಿದವರು ದೇಶದ್ರೋಹಿಗಳು. ಆದರೆ ಗಡುವು ಕಟ್ಟುವುದಕ್ಕೆ ಇರುವಂಥದ್ದು. ಕೆಡಹುವುದಕ್ಕೆ ಗಡುವೇಕೆ? ಕೂಟ ಇನ್ನೂ ಕೈಗೆ ಸಿಗದ ಊರಿಗಂತೂ ಆ ನೆಪವೂ ಇಲ್ಲ.

ಶಿಕಾಗೊ ಸೋತ ಊರು, ಅದರ ಅವಸರ ಎದ್ದು ಕಂಡಿತು ಎನ್ನಬಹುದು. ಗೆದ್ದ ಊರುಗಳಲ್ಲಿ ಏನಾಯಿತು? 2020ರ ಕೂಟ ಗೆದ್ದ ಟೋಕಿಯೊ ತನ್ನ 1958ರ ರಾಷ್ಟ್ರೀಯ ಕ್ರೀಡಾಂಗಣವನ್ನು ಕೆಡವಿತು. ಆ ಜಾಗದಲ್ಲಿ ವಾಸ್ತುಶಿಲ್ಪಿ ಜಹಾ ಹದೀದ್ ವಿನ್ಯಾಸದ ಹೊಸದು ಬರಬೇಕಿತ್ತು. ಅದರ ಅಂದಾಜು ವೆಚ್ಚ 25,200 ಕೋಟಿ ಯೆನ್ ಮುಟ್ಟಿದಾಗ ಗದ್ದಲವೆದ್ದು, 2015ರ ಜುಲೈಯಲ್ಲಿ ಪ್ರಧಾನಿ ಶಿಂಜೊ ಅಬೆ ಆ ವಿನ್ಯಾಸವನ್ನೇ ಕೈಬಿಟ್ಟರು. ಆ ಹೊತ್ತಿಗೆ ಹಳೆಯದು ಮಣ್ಣುಪಾಲಾಗಿತ್ತು. ಕೈಯಲ್ಲಿ ಹಳೆಯ ಕ್ರೀಡಾಂಗಣವೂ ಇಲ್ಲ, ಹೊಸದರ ನಕ್ಷೆಯೂ ಇಲ್ಲ. 2019ರ ರಗ್ಬಿ ವಿಶ್ವಕಪ್ ಅಲ್ಲಿ ನಡೆಯಬೇಕಿತ್ತು. ನಡೆಯಲಿಲ್ಲ, ಫೈನಲ್ ಯೊಕೊಹಾಮಾಕ್ಕೆ ಹೋಯಿತು. ಪಕ್ಕದ ಕಸುಮಿಗವೊಕ ಸರ್ಕಾರಿ ವಸತಿಗಳಿಂದ ಒಕ್ಕಲೆಬ್ಬಿಸಲಾದ ವೃದ್ಧರಲ್ಲಿ 1964ರ ಒಲಿಂಪಿಕ್ಸಿಗಾಗಿಯೂ ಮನೆ ಕಳೆದುಕೊಂಡವರಿದ್ದರು. ಒಂದೇ ಜೀವಮಾನದಲ್ಲಿ ಎರಡು ಸಲ, ಒಂದೇ ಕ್ರೀಡಾಕೂಟಕ್ಕೆ.

ಅದೇ ಟೋಕಿಯೊದಲ್ಲಿ ಇದಕ್ಕೆ ತದ್ವಿರುದ್ಧವಾದ ಉದಾಹರಣೆಯೂ ಇದೆ. 1964ರ ಕೂಟಕ್ಕೆ ಕೆಂಜೊ ತಾಂಗೆ ಯೊಯೊಗಿಯಲ್ಲಿ ಕಟ್ಟಿದ ಜಿಮ್ನೇಷಿಯಂ ಉಕ್ಕಿನ ಹಗ್ಗಗಳಿಂದ ತೂಗುಬಿದ್ದ ಛಾವಣಿಯದು. ಜಪಾನಿನ ಹಳೆಯ ದೇಗುಲಗಳ ಮಾಡಿನ ನೆನಪು ತರುವ ಬಾಗು, ಒಳಗೆ ಹೋದರೆ ಒಂದು ಕಂಬವೂ ಅಡ್ಡಬಾರದ ಬಯಲು. ಆಗ ಅಲ್ಲಿ ಈಜು ಸ್ಪರ್ಧೆ ನಡೆಯಿತು. ಭೂಕಂಪ ತಡೆಯುವಂತೆ ಬಲಪಡಿಸಿ, 2021ರಲ್ಲಿ ಅಲ್ಲೇ ಹ್ಯಾಂಡ್‌ಬಾಲ್ ಆಡಿಸಿದರು. ಅದೇ ವರ್ಷ ಜಪಾನ್ ಅದನ್ನು ಮಹತ್ವದ ಸಾಂಸ್ಕೃತಿಕ ಆಸ್ತಿಯೆಂದು ಘೋಷಿಸಿತು. ಉಳಿಸಲು ಬರುವುದಿಲ್ಲ ಎಂದು ಟೋಕಿಯೊ ಹೇಳುವಂತಿಲ್ಲ. ಉಳಿಸಬೇಕೆಂದುಕೊಂಡದ್ದನ್ನು ಅದು ಉಳಿಸಿತು.

ಅದೇ ಊರಿನ ಒಕುರಾ ಹೋಟೆಲಿನ ಕಥೆ ಇವೆರಡರ ನಡುವಿನದು. ಯೊಶಿರೊ ತಾನಿಗುಚಿ 1962ರಲ್ಲಿ ರೂಪಿಸಿದ ಅದರ ಲಾಬಿಯನ್ನು ಬೆಳಗುವ ಕಾಗದದ ಪರದೆ, ಷಡ್ಭುಜಾಕಾರದ ತೂಗುದೀಪಗಳಿಗಾಗಿ ಜಗತ್ತಿನ ವಿನ್ಯಾಸಕಾರರು ಹಚ್ಚಿಕೊಂಡಿದ್ದರು. ಒಲಿಂಪಿಕ್ಸಿನ ಅತಿಥಿಗಳಿಗೆ ಹೆಚ್ಚು ಕೋಣೆಗಳು ಬೇಕೆಂದು 2015ರಲ್ಲಿ ಕೆಡವಿದರು. 2019ರಲ್ಲಿ ತೆರೆದ ಹೊಸ ಗೋಪುರದೊಳಗೆ ಅದೇ ಲಾಬಿಯನ್ನು ಮತ್ತೆ ಕಟ್ಟಿಕೊಟ್ಟವರು ಮೂಲ ವಾಸ್ತುಶಿಲ್ಪಿಯ ಮಗ ಯೊಶಿಯೊ ತಾನಿಗುಚಿ. ಬಹಳ ಶ್ರದ್ಧೆಯ ಕೆಲಸವೆಂದು ಹೊಗಳಿದವರುಂಟು. ನನ್ನ ಮಟ್ಟಿಗೆ ಅದು ಶ್ರಾದ್ಧಕ್ಕೆ ಹತ್ತಿರದ್ದು. ಮಗ ಅಚ್ಚುಕಟ್ಟಾಗಿ ಮಾಡಿದ್ದಾನೆ, ಹೋದವರು ಹೋಗಿದ್ದಾರೆ.

ಶಿಕಾಗೊವನ್ನು ಸೋಲಿಸಿದ ರಿಯೊದಲ್ಲಿ ಮರಕಾನಾ ಇದೆ. 1950ರ ಫುಟ್‌ಬಾಲ್ ವಿಶ್ವಕಪ್ಪಿಗೆ ಕಟ್ಟಿದ, ಸುಮಾರು ಎರಡು ಲಕ್ಷ ಜನ ನಿಂತು ಕೂತು ಪಂದ್ಯ ನೋಡಿದ ಕಾಂಕ್ರೀಟಿನ ವೃತ್ತ. 2000ದಲ್ಲಿ ಬ್ರೆಜಿಲ್ ಅದನ್ನು ಸಂರಕ್ಷಿತ ಪಟ್ಟಿಗೆ ಸೇರಿಸಿತು. ಆದರೂ 2005ರಲ್ಲಿ, ಪಾನ್ ಅಮೆರಿಕನ್ ಕೂಟದ ತಯಾರಿಯೆಂದು, ‘ಜೆರಾಲ್’ ಎಂಬ ಭಾಗ ಹೋಯಿತು. ಅದು ಬಡವರು ಪುಡಿಗಾಸು ಕೊಟ್ಟು ನಿಂತು ನೋಡುತ್ತಿದ್ದ ಜಾಗ. 2014ರ ವಿಶ್ವಕಪ್ಪಿಗಾಗಿ ಪರಂಪರೆ ಇಲಾಖೆಯ ಒಪ್ಪಿಗೆಯೊಂದಿಗೇ ಮೂಲ ಕಾಂಕ್ರೀಟ್ ಛಾವಣಿಯನ್ನು ತೆಗೆದು ಬಟ್ಟೆಯಂಥ ಪೊರೆ ಹೊದಿಸಿದರು, ಒಳಗಿನ ಸಾಲುಗಳನ್ನೆಲ್ಲ ಕಿತ್ತು ಹೊಸದಾಗಿ ಕಟ್ಟಿದರು. ಹೊರಗಿನಿಂದ ನೋಡಿದರೆ ಅದೇ ಮರಕಾನಾ. ಒಳಗೆ ಎಲ್ಲ ದೇಶಗಳಲ್ಲೂ ಇರುವಂಥ ಕುರ್ಚಿಸಾಲು, ಬಡವನ ಕೈಗೆಟುಕದ ಟಿಕೆಟ್. ಹೊರಗೋಡೆಯನ್ನು ಮಾತ್ರ ಉಳಿಸಿ ಸಂರಕ್ಷಣೆ ಮಾಡಿದೆವು ಎನ್ನುವವರು ಇದನ್ನು ನೋಡಬೇಕು. ಎರಡು ಲಕ್ಷ ಜನ ಒಂದೇ ಬಟ್ಟಲಿನಲ್ಲಿ, ಶ್ರೀಮಂತ ಮೇಲೆ ಬಡವ ಕೆಳಗೆ, ಒಟ್ಟಿಗೆ ಕೂಗುವುದಕ್ಕೆಂದೇ ಆ ಕಟ್ಟಡ ಹುಟ್ಟಿತ್ತು.

ಕೂಟ ಬಂದಲ್ಲೆಲ್ಲ ಹೀಗೇ ಆಗಬೇಕೆಂದಿಲ್ಲ. ಮೆಕ್ಸಿಕೊ ನಗರ 1968ರ ಒಲಿಂಪಿಕ್ಸಿಗೆ ಹೊಸ ಮುಖ್ಯ ಕ್ರೀಡಾಂಗಣ ಕಟ್ಟಲಿಲ್ಲ. ವಿಶ್ವವಿದ್ಯಾಲಯದ ಆವರಣದಲ್ಲಿ 1952ರಲ್ಲೇ ತೆರೆದಿದ್ದ, ಲಾವಾ ಕಲ್ಲಿನ ನೆಲದಿಂದ ಎದ್ದಂತಿರುವ, ಹೊರಮೈಯಲ್ಲಿ ಡಿಯೇಗೊ ರಿವೇರಾನ ಉಬ್ಬುಚಿತ್ರವಿರುವ ಕ್ರೀಡಾಂಗಣಕ್ಕೆ ಆಸನ ಹೆಚ್ಚಿಸಿಕೊಂಡಿತು. ಆ ವಿಶ್ವವಿದ್ಯಾಲಯದ ಕೇಂದ್ರ ಆವರಣ 2007ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. ಮ್ಯೂನಿಕ್ ನಗರದ 1972ರ ಒಲಿಂಪಿಕ್ ಉದ್ಯಾನ, ಜೇಡರ ಬಲೆಯಂಥ ಆ ಪಾರದರ್ಶಕ ಛಾವಣಿಗಳೊಂದಿಗೆ, 1998ರಲ್ಲೇ ಸ್ಮಾರಕಗಳ ಪಟ್ಟಿಗೆ ಸೇರಿತು. ಸ್ಮಾರಕವಾದ ಮೇಲೆ ಮೂಲೆಗೆ ಹಾಕಲಿಲ್ಲ. 2022ರ ಯುರೋಪಿಯನ್ ಚಾಂಪಿಯನ್‌ಶಿಪ್ಸ್ ಅಲ್ಲೇ ನಡೆಯಿತು. ಲಾಸ್ ಏಂಜಲಿಸ್ 2028ಕ್ಕೆ ಕ್ರೀಡಾಗ್ರಾಮವನ್ನೇ ಕಟ್ಟುತ್ತಿಲ್ಲ, ವಿಶ್ವವಿದ್ಯಾಲಯದ ಹಾಸ್ಟೆಲುಗಳಲ್ಲಿ ಆಟಗಾರರನ್ನು ಇಳಿಸುತ್ತದೆ. ಒಲಿಂಪಿಕ್ ಸಮಿತಿಯೂ 2014ರಿಂದ, ಇರುವುದನ್ನೇ ಬಳಸಿ ಎಂದು ಹೇಳತೊಡಗಿದೆ. ಊರುಗಳು ಒಂದೊಂದಾಗಿ ಬಿಡ್‌ನಿಂದ ಹಿಂದೆ ಸರಿಯತೊಡಗಿದ ಮೇಲೆ ಬಂದ ಜ್ಞಾನೋದಯ ಅದು.

ಆಧುನಿಕ ಶೈಲಿಯ ಕಟ್ಟಡವೇ ಹೆಚ್ಚಾಗಿ ಬಲಿಯಾಗಲು ಕಾರಣಗಳಿವೆ. ಅದು ಹಳೆಯದೆಂದು ಯಾರಿಗೂ ಅನಿಸುವುದಿಲ್ಲ, ಹೊಸದಾಗಿಯೂ ಕಾಣುವುದಿಲ್ಲ. ಕೆತ್ತನೆಯಿಲ್ಲ, ಗೋಪುರವಿಲ್ಲ, ಫೋಟೊ ತೆಗೆಸಿಕೊಳ್ಳಲು ಬಾಗಿಲುವಾಡವಿಲ್ಲ. ಮಳೆನೀರು ಇಳಿದ ಕಾಂಕ್ರೀಟು ಕೊಳಕಾಗಿ ಕಾಣುತ್ತದೆ. ಕಲ್ಲಿಗೆ ಪಾಚಿ ಕಟ್ಟಿದರೆ ಮುಪ್ಪಿನ ಚೆಲುವು ಎನ್ನುವವರೇ ಕಾಂಕ್ರೀಟಿನ ಕಲೆಗೆ ಮೂಗು ಮುರಿಯುತ್ತಾರೆ. ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಪದರು ಉದುರುವುದೂ ನಿಜ, ಅದನ್ನು ಸರಿಪಡಿಸುವುದು ಕಲ್ಲು ಬದಲಿಸಿದಷ್ಟು ಸುಲಭವಲ್ಲ. ಇವುಗಳಿಗಿಂತ ಮಿಗಿಲಾದ ತೊಡಕು ಕಾನೂನಿನದು. ಅಮೆರಿಕದಲ್ಲಿ ಪರಂಪರೆಯ ಪಟ್ಟಿಗೆ ಸಾಮಾನ್ಯವಾಗಿ ಐವತ್ತು ವರ್ಷವಾದರೂ ಆಗಿರಬೇಕು, ಬ್ರಿಟನ್ನಿನಲ್ಲಿ ಮೂವತ್ತು. ನಮ್ಮಲ್ಲಿ ನೂರು. ಕೇಂದ್ರದ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಾಗಲಿ, ಕರ್ನಾಟಕದ 1961ರ ಕಾಯ್ದೆಯಾಗಲಿ ನೂರು ತುಂಬದ ಕಟ್ಟಡವನ್ನು ಕಣ್ಣೆತ್ತಿ ನೋಡುವುದಿಲ್ಲ. ಬಾಲಕೃಷ್ಣ ದೋಷಿ 1970ರ ದಶಕದ ಕೊನೆಯಿಂದ ಕಟ್ಟತೊಡಗಿದ ಬೆಂಗಳೂರಿನ ಐಐಎಂ ಆವರಣ ಈ ಕಾಯ್ದೆಗಳ ಲೆಕ್ಕಕ್ಕೆ ಬರಬೇಕಾದರೆ ನಮ್ಮ ಮೊಮ್ಮಕ್ಕಳು ಮುದುಕರಾಗಬೇಕು. ಸ್ವತಂತ್ರ ಭಾರತ ತನಗಾಗಿ ಕಟ್ಟಿಕೊಂಡ ಒಂದು ಕಟ್ಟಡಕ್ಕೂ ಇನ್ನೂ ಆ ವಯಸ್ಸಾಗಿಲ್ಲ.

ದೆಹಲಿಯ ಪ್ರಗತಿ ಮೈದಾನದ ಹಾಲ್ ಆಫ್ ನೇಷನ್ಸ್ ಬಿದ್ದದ್ದು ಹೀಗೆಯೇ. ಅದು ಆಟದ ಜಾಗವಲ್ಲ. ಆದರೆ ಗಡುವಿನ ಆಟ ಅದೇ. 1972ರಲ್ಲಿ, ಸ್ವಾತಂತ್ರ್ಯದ ಇಪ್ಪತ್ತೈದನೆಯ ವರ್ಷದಲ್ಲಿ, ವಾಸ್ತುಶಿಲ್ಪಿ ರಾಜ್ ರೇವಾಲ್ ಮತ್ತು ಎಂಜಿನಿಯರ್ ಮಹೇಂದ್ರ ರಾಜ್ ಅದನ್ನು ಕಟ್ಟಿದರು. ಬೇರೆ ದೇಶಗಳು ಉಕ್ಕಿನಿಂದ ಮಾಡುವ ಹಂದರವನ್ನು, ಉಕ್ಕು ದುಬಾರಿಯೆಂದು, ಕಾಂಕ್ರೀಟಿನಿಂದ ಕೂಲಿಕಾರರ ಕೈಯಲ್ಲೇ ಎರಕ ಹೊಯ್ಯಿಸಿದರು. ಬಡ ದೇಶವೊಂದು ತನ್ನ ಬಡತನವನ್ನೇ ಜಾಣ್ಮೆಯಾಗಿಸಿಕೊಂಡ ಕಟ್ಟಡ. ತನ್ನದೇ ಮಿತಿಯಾದ ಅರವತ್ತು ವರ್ಷವೂ ತುಂಬಿಲ್ಲವಾದ್ದರಿಂದ ಅದು ಪರಂಪರೆಯಲ್ಲ ಎಂದು ದೆಹಲಿಯ ಪರಂಪರೆ ಸಮಿತಿ ಹೇಳಿತು. 2017ರ ಏಪ್ರಿಲಿನಲ್ಲಿ ರಾತ್ರೋರಾತ್ರಿ ಕೆಡವಿದರು. ಆ ಆವರಣದಲ್ಲಿ ಎದ್ದ ಭಾರತ ಮಂಟಪದಲ್ಲಿ 2023ರ ಜಿ20 ಶೃಂಗಸಭೆ ನಡೆಯಿತು. ಸಭೆಗೆ ಬಂದ ಯಾವ ನಾಯಕನೂ ಹಳೆಯದು ಇದ್ದಿದ್ದರೆ ಬರುತ್ತಿರಲಿಲ್ಲ ಎಂದು ಹೇಳಿದ ದಾಖಲೆಯಿಲ್ಲ.

ಎಲ್ಲವನ್ನೂ ಉಳಿಸಬೇಕೆಂದು ನಾನು ವಾದಿಸುತ್ತಿಲ್ಲ. ಅರವತ್ತು ಎಪ್ಪತ್ತರ ದಶಕದ ಸರ್ಕಾರಿ ಕಟ್ಟಡಗಳಲ್ಲಿ ಬಹುಪಾಲು ಬೇಸರದವು. ಒಳಗೆ ಕೆಲಸ ಮಾಡುವ ಗುಮಾಸ್ತನನ್ನು ಕೇಳಿದರೆ ಇಂದೇ ಕೆಡವಿ ಎಂದಾನು. ಪ್ರಸಿದ್ಧನ ಹೆಸರಿದೆ ಎಂಬುದೂ ಸಾಕಾಗುವ ಕಾರಣವಲ್ಲ. ಆ ಕಟ್ಟಡ ಏನನ್ನಾದರೂ ಮೊದಲ ಬಾರಿ ಮಾಡಿತೇ, ಆ ಜಾಗದ ಜನರ ಬದುಕಿಗೆ ಅಂಟಿಕೊಂಡಿದೆಯೇ, ಬೇರೆ ಬಳಕೆಗೆ ಒಗ್ಗುತ್ತದೆಯೇ, ಕೆಡವಿದರೆ ಆಗುವ ಧೂಳು ದುಡ್ಡುಗಳ ಲೆಕ್ಕವೇನು ಎಂದು ಕೇಳಬೇಕು. ಕೆಡಹಬೇಕೆನ್ನುವವರು ಕಾರಣ ಕೊಡಲಿ. ಈಗ ನಡೆಯುತ್ತಿರುವುದು ತಲೆಕೆಳಗು: ಉಳಿಸಿ ಎನ್ನುವವರು ಕಡತ ಹುಡುಕಿ, ಸಹಿ ಸಂಗ್ರಹಿಸಿ, ಕೋರ್ಟಿಗೆ ಅಲೆಯಬೇಕು, ಕೆಡಹುವವರು ಒಂದು ದಿನಾಂಕ ತೋರಿಸಿದರೆ ಸಾಕು.

ಇದನ್ನು ಈಗ ಹೇಳಲು ಕಾರಣವಿದೆ. 2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದಿಗೆ ಸಿಕ್ಕಿದೆ. 2036ರ ಒಲಿಂಪಿಕ್ಸ್ ಮೇಲೂ ಆ ನಗರದ ಕಣ್ಣಿದೆ. ಭಾರತದ ಆಧುನಿಕ ವಾಸ್ತುಶಿಲ್ಪ ಅತಿ ಹೆಚ್ಚು ಒತ್ತಾಗಿ ಸಿಗುವ ಊರು ಅದು. ಲ ಕಾರ್ಬೂಸಿಯೆಯ ಗಿರಣಿ ಮಾಲೀಕರ ಸಂಘದ ಕಟ್ಟಡ, ಲೂಯಿ ಕಾನ್‌ನ ಐಐಎಂ, ದೋಷಿಯವರ ಅನೇಕ ಕೃತಿಗಳು ಅಲ್ಲಿವೆ. ಕಾನ್ ಕಟ್ಟಿದ ವಿದ್ಯಾರ್ಥಿ ನಿಲಯಗಳನ್ನೇ ಕೆಡಹುವ ಪ್ರಸ್ತಾಪ 2020ರ ಡಿಸೆಂಬರಿನಲ್ಲಿ ಬಂದು, ಜಗತ್ತೆಲ್ಲ ಕೂಗಿದ ಮೇಲೆ ಆಗ ಹಿಂದೆ ಸರಿದಿತ್ತು. ನವರಂಗಪುರದಲ್ಲಿ ಚಾರ್ಲ್ಸ್ ಕೊರೆಯ 1960ರ ದಶಕದಲ್ಲಿ ವಿನ್ಯಾಸ ಮಾಡಿದ ಸರ್ದಾರ್ ವಲ್ಲಭಭಾಯಿ ಪಟೇಲ್ ಕ್ರೀಡಾಂಗಣವಿದೆ. ಮಡಿಕೆ ಮಡಿಕೆಯಾಗಿ ಮುಂದಕ್ಕೆ ಚಾಚಿ, ಕಂಬದ ಆಸರೆಯಿಲ್ಲದೆ ನೆರಳು ಕೊಡುವ ಅದರ ಕಾಂಕ್ರೀಟ್ ಛಾವಣಿಗೆ ಲೆಕ್ಕ ಹಾಕಿದವರು ಅದೇ ಮಹೇಂದ್ರ ರಾಜ್. 1981ರ ನವೆಂಬರ್ 25ರಂದು ಭಾರತ ನೆಲದ ಮೊದಲ ಏಕದಿನ ಅಂತರರಾಷ್ಟ್ರೀಯ ಪಂದ್ಯ ನಡೆದದ್ದು ಅಲ್ಲಿ. ವಿಶ್ವ ಸ್ಮಾರಕ ನಿಧಿ ಅದನ್ನು ಕಾಳಜಿ ಬೇಕಾದ ತಾಣಗಳ 2020ರ ಪಟ್ಟಿಗೆ ಸೇರಿಸಿತು.

ಕೂಟಕ್ಕೆಂದು ಕಟ್ಟಿದ್ದು ಕೂಟದ ನಂತರವೂ ಬಾಳುತ್ತದೆ ಎಂಬುದು ನಮಗೆ ಹೊಸದಲ್ಲ. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಬೆಂಗಳೂರಿನ ಕೋರಮಂಗಲದಲ್ಲಿ ಕಟ್ಟಿದ ಗೇಮ್ಸ್ ವಿಲೇಜಿನಲ್ಲಿ ಇಂದಿಗೂ ಸಂಸಾರಗಳಿವೆ. ದೆಹಲಿಯಲ್ಲಿ 1982ರ ಏಷ್ಯನ್ ಕ್ರೀಡಾಕೂಟಕ್ಕೆ ರಾಜ್ ರೇವಾಲ್ ಕಟ್ಟಿದ ಗ್ರಾಮವಂತೂ, ಓಣಿ, ಚೌಕ, ಹೆಬ್ಬಾಗಿಲುಗಳಿರುವ ಹಳೆಯ ಊರಿನ ಹದವನ್ನು ಹೊಸ ವಸತಿಗೆ ತಂದ ಉತ್ತಮ ಮಾದರಿ. ಕೂಟಕ್ಕೆ ಮುಂಚೆ ಇದ್ದದ್ದನ್ನು ಹೇಗೆ ನಡೆಸಿಕೊಳ್ಳುತ್ತೇವೆ ಎಂಬುದರಲ್ಲೇ ನಮಗೆ ಅಭ್ಯಾಸ ಸಾಲದು.

ಆದ್ದರಿಂದ ಅಹಮದಾಬಾದಿನಲ್ಲಿ ಯಾವ ಕ್ರೀಡಾಂಗಣ ಎಲ್ಲಿ ಎಂಬ ಪಟ್ಟಿ ಪಕ್ಕಾ ಆಗುವ ಮುನ್ನ, ಆ ನಗರದ ಇಪ್ಪತ್ತನೆಯ ಶತಮಾನದ ಕಟ್ಟಡಗಳ ಪಟ್ಟಿಯೊಂದು ಬಹಿರಂಗವಾಗಿ ಸಿದ್ಧವಾಗಬೇಕು. ಅದರಲ್ಲಿರುವ ಯಾವುದನ್ನೇ ಮುಟ್ಟುವುದಾದರೂ ಪರ್ಯಾಯ ನಕ್ಷೆ, ವೆಚ್ಚದ ಹೋಲಿಕೆ, ಜನರ ಅಹವಾಲು ಮೂರೂ ಆದ ಮೇಲೆಯೇ ಮುಟ್ಟಬೇಕು. 2036ರ ಕೂಟ ಭಾರತಕ್ಕೆ ಬರುತ್ತದೆಯೋ ಇಲ್ಲವೋ ಗೊತ್ತಾಗುವವರೆಗೆ ಅದರ ಹೆಸರಿನಲ್ಲಿ ಒಂದು ಇಟ್ಟಿಗೆಯನ್ನೂ ತೆಗೆಯಬಾರದು. ಕರ್ನಾಟಕ ಸರ್ಕಾರಕ್ಕೂ ಇದರಲ್ಲಿ ಒಂದು ಕೆಲಸವಿದೆ. 1961ರ ಕಾಯ್ದೆಯ ನೂರು ವರ್ಷದ ಮಿತಿಯನ್ನು ಐವತ್ತಕ್ಕೆ ಇಳಿಸಲು ಒಂದು ತಿದ್ದುಪಡಿ ಸಾಕು, ಅದಕ್ಕೆ ಯಾವ ಕ್ರೀಡಾಕೂಟವನ್ನೂ ಕಾಯಬೇಕಿಲ್ಲ.